ಟಿವಿ ಪೆಟ್ಟಿಗೆಯೊಳಗಿನ ಬಾಣಂತನ

ನಾನು ಒಂದು ಟಿವಿ ಪೆಟ್ಟಿಗೆ. ಈಗಿನವರಿಗೆ ಟಿವಿ ಎಂದರೆ ಗೋಡೆಗೆ ಅಂಟಿಸಿದ ತೆಳ್ಳನೆಯ ಹಲಗೆ. ನನ್ನ ಕಾಲವೇ ಬೇರೆ. ನನಗೆ ನಾಲ್ಕು ಮರದ ಕಾಲುಗಳಿದ್ದವು, ಮೈಗೆ ಹೊಳೆಯುವ ಪಾಲಿಶ್ ಇತ್ತು, ಮುಂದೆ ಎಡಬಲಕ್ಕೆ ಸರಿಯುವ ಶಟರ್ ಬಾಗಿಲಿತ್ತು, ಆ ಬಾಗಿಲಿಗೆ ಬೀಗವೂ ಇತ್ತು. ಬೀಗ ಹಾಕಿಸಿಕೊಳ್ಳುವಷ್ಟು ದೊಡ್ಡಸ್ತಿಕೆ ನನ್ನದಾಗಿತ್ತು ಎಂದು ಹೇಳಿಕೊಳ್ಳಲು ನನಗೆ ಇಂದಿಗೂ ಸಂಕೋಚವಿಲ್ಲ.

ಹುಟ್ಟಿದ್ದು ಹುಬ್ಬಳ್ಳಿಯ ಒಂದು ಬಡಿಗರ ಶೆಡ್ಡಿನಲ್ಲಿ. ಮೈಯೆಲ್ಲ ಜೋಡಿಸಿ ಮುಗಿಸಿದ ಮೇಲೆ ಮುದುಕ ಬಡಿಗ ನನ್ನ ಬೆನ್ನಿನ ಹಲಗೆಗೆ ಮೂರು ಸಾಲು ತೂತು ಕೊರೆದ. ನನಗೆ ಅವಮಾನವಾಯಿತು. ಮುಂದೆ ಇಷ್ಟು ಚಂದ ಮಾಡಿ ಹಿಂದೆ ಜರಡಿ ಮಾಡುವುದೇ? ಆಮೇಲೆ ಹೊಟ್ಟೆಯೊಳಗೆ ಗಾಜಿನ ದೊಡ್ಡ ಕೊಳವೆಯನ್ನೂ ತಂತಿಗಳನ್ನೂ ತುಂಬಿ ಕರೆಂಟು ಕೊಟ್ಟಾಗ ಅದರ ಅರ್ಥ ತಿಳಿಯಿತು. ಒಳಗಿನ ಬಿಸಿಯೆಲ್ಲ ಆ ತೂತುಗಳಿಂದಲೇ ಹೊರಗೆ ಹೋಗುತ್ತಿತ್ತು. ಅವಿಲ್ಲದಿದ್ದರೆ ನಾನು ವಾರದೊಳಗೆ ಕರಕಲಾಗುತ್ತಿದ್ದೆ.

ನನ್ನನ್ನು ಕೊಂಡವರು ಬ್ಯಾಡಗಿಯ ಹೊಂಬಳ ಮಾಸ್ತರರು. ಆ ಓಣಿಗೆಲ್ಲ ಆಗ ನಾನೊಂದೇ ಟಿವಿ. ಸಂಜೆಯಾದರೆ ಪಡಸಾಲೆ ತುಂಬ ಜನ. ನಾನು ಹಾಡಿದೆ, ನಕ್ಕೆ, ಅತ್ತೆ, ಸುದ್ದಿ ಓದಿದೆ, ನಾಳೆ ಮಳೆ ಬರುತ್ತದೆಂದು ಹೇಳಿದೆ. ಅದರಲ್ಲಿ ಒಂದು ಮಾತೂ ನನ್ನ ಸ್ವಂತದ್ದಲ್ಲ ಎನ್ನುವುದು ಆಗ ನನಗೆ ಹೊಳೆದಿರಲಿಲ್ಲ.

ಮಾಸ್ತರರ ಹೆಂಡತಿ ಸುಶೀಲಾಬಾಯಿಗೆ ನನ್ನ ಮೇಲೆ ವಿಪರೀತ ಪ್ರೀತಿ. ಕೈಯಾರೆ ಹೆಣೆದ ಕ್ರೋಶಾ ಬಟ್ಟೆಯನ್ನು ನೆತ್ತಿಯಿಂದ ಬೆನ್ನವರೆಗೂ ಹೊದಿಸಿ, ಧೂಳು ಕೂಡಬಾರದೆಂದು ಗೋಡೆಗೆ ಒತ್ತಿ ನಿಲ್ಲಿಸಿದ್ದರು. ಹೀಗಾಗಿ ವರ್ಷಕ್ಕೆರಡು ಸಲ ನಾನು ಎಚ್ಚರ ತಪ್ಪುತ್ತಿದ್ದೆ. ಆಗ ಬರುತ್ತಿದ್ದವನು ರಿಪೇರಿಯ ಮಾಬುಸಾಬ. ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡೇ ಬಯ್ಯುವ ಮನುಷ್ಯ.

"ಬಾಯಾರ, ಇದರ ಬೆನ್ನಿಗೆ ಗಾಳಿ ಆಡಬೇಕ್ರಿ. ಮೂಗು ಮುಚ್ಚಿ ನಿಂದರಿಸಿದ್ರ ನೀವಾದ್ರೂ ಹಾಡ್ತೀರೇನು?"

ಅವನು ಹೋದ ಮರುದಿನ ಬಟ್ಟೆ ಮತ್ತೆ ನನ್ನ ಬೆನ್ನಿಗೆ ಬರುತ್ತಿತ್ತು. ಪ್ರೀತಿ ಮಾಡುವವರಿಗೆ ಬುದ್ಧಿ ಹೇಳಿ ಗೆದ್ದವರಿಲ್ಲ.

ಕೊನೆಗೊಂದು ದಿನ ಕೊಳವೆ ಪೂರ್ತಿ ಸತ್ತಿತು. ಮಾಸ್ತರರ ಮನೆಗೆ ತೆಳ್ಳನೆಯ ಹಲಗೆ ಬಂತು. ಮಾಬುಸಾಬ ನನ್ನ ಒಳಗಿನದನ್ನೆಲ್ಲ ಬಿಚ್ಚಿಕೊಂಡ. ಅದೇ ಹೊತ್ತಿಗೆ ಮಾಸ್ತರರ ಮೊಮ್ಮಗನಿಗೆ ಎಣ್ಣೆ ಹಚ್ಚಿ ಎರೆಯಲು ಬಂದಿದ್ದ ಫಕ್ಕೀರವ್ವ ಸೆರಗಿಗೆ ಕೈ ಒರೆಸುತ್ತ ನನ್ನೊಳಗೆ ಇಣುಕಿದಳು. "ಬಾಯಾರ, ಈ ಖಾಲಿ ಪೆಟಗಿ ನನಗ ಕೊಡ್ರಿ. ನನ್ನ ಕೋಳಿ ಇದರಾಗ ರಾಣಿ ಹಂಗ ಇರ್ತಾವು," ಅಂದಳು. ಹೀಗೆ ನಾನು ಪಡಸಾಲೆಯಿಂದ ಹಿತ್ತಿಲಿಗೆ ಹೋದೆ. ಎರಡು ದಿನ ಸಿಟ್ಟಿನಿಂದ ಶಟರ್ ಸರಿಯಲಿಲ್ಲ. ಮೂರನೇ ದಿನ ಅವಳು ಹಳಿಗೆ ಒಂದಿಷ್ಟು ಕೊಬ್ಬರಿ ಎಣ್ಣೆ ಹಚ್ಚಿದಳು, ಸರಿಯಿತು.

ಫಕ್ಕೀರವ್ವನ ಬಗ್ಗೆ ಹೇಳಬೇಕು. ಹಗಲು ಅಂಗಡಿಗಳಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ. ಆದರೆ ಓಣಿಯಲ್ಲಿ ಅವಳ ಹೆಸರಿದ್ದದ್ದು ಬಾಣಂತನಕ್ಕೆ. ಮೂವತ್ತು ವರ್ಷದಲ್ಲಿ ಅವಳು ಕಾಲಮೇಲೆ ಹಾಕಿಕೊಂಡು ಎರೆಯದ ಕೂಸು ಆ ಓಣಿಯಲ್ಲಿ ಇಲ್ಲ. ಕೋಣೆಯ ಕಿಟಕಿಗೆ ಕೌದಿ ಕಟ್ಟುವುದು, ಬಾಣಂತಿಯ ಕಿವಿಗೆ ಅರಿವೆ ಸುತ್ತುವುದು, ಮಂಚದ ಕೆಳಗೆ ಕೆಂಡ ಇಟ್ಟು ಅಜವಾನ ಮತ್ತು ಬೆಳ್ಳುಳ್ಳಿ ಸಿಪ್ಪೆಯ ಹೊಗೆ ಕೊಡುವುದು, ಎಲ್ಲ ಅವಳದೇ ಕೈ. "ನನ್ನ ಕೈಯಾಗ ಒಂದು ಜೀವಾನೂ ಹೋಗಿಲ್ಲ," ಎನ್ನುತ್ತಿದ್ದಳು. ಜಂಬದ ಮಾತೇ, ಆದರೂ ಅದನ್ನು ಹೇಳುವಾಗ ಅವಳ ಮುಖ ನೋಡಿದರೆ ನಗು ಬರುತ್ತಿರಲಿಲ್ಲ.

ಈಗ ಹೆರಿಗೆಗಳು ಆಸ್ಪತ್ರೆಯಲ್ಲಾಗುತ್ತವೆ, ಕರೆಯುವವರು ಕಡಿಮೆ. ಸುಮ್ಮನಿರಲಾರದ ಆ ಕೈಗೆ ನಾಲ್ಕು ಕೋಳಿಗಳು ಸಿಕ್ಕಿದ್ದವು. ಬೂದಿ, ಕೆಂಪಿ, ಚುಕ್ಕಿ, ಇನ್ನೊಂದು ಜಗಳಗಂಟಿ. ಜಗಳಗಂಟಿ ನನ್ನ ಪಾಲಿಶ್ ಅನ್ನು ಕುಕ್ಕಿ ಕುಕ್ಕಿ ತಿಂದು ಮುಗಿಸಿತು. ಉಳಿದವು ಮರ್ಯಾದಸ್ಥರು. ಚುಕ್ಕಿಯಂತೂ ಸಂಜೆ ಗೂಡು ಸೇರುವ ಮೊದಲು ಫಕ್ಕೀರವ್ವನ ಮಡಿಲಿಗೆ ಹೋಗಿ ಒಂದು ಗಳಿಗೆ ಕೂತೇ ಬರುತ್ತಿತ್ತು. ಬೇಸಿಗೆ ಕಳೆಯಿತು, ಮಳೆಗಾಲ ಕಳೆಯಿತು. ಬೆನ್ನಿನ ತೂತುಗಳಿಂದ ಗಾಳಿ ಬರುತ್ತ ಹೋಗುತ್ತ ಇತ್ತು, ನಾಲ್ಕೂ ಹಾಯಾಗಿದ್ದವು.

ದೀಪಾವಳಿ ಕಳೆದು ವಾರವಾಗುವಷ್ಟರಲ್ಲಿ ಗಾಳಿ ತಿರುಗಿತು. ಬೆಳಗಿನ ಹೊತ್ತು ಹಿತ್ತಿಲಿನ ಕಲ್ಲು ಹಾಸು ತಣ್ಣಗೆ ಕೊರೆಯತೊಡಗಿತು. ಒಂದು ಮುಂಜಾನೆ ಬೂದಿ ಸೀನಿತು. ಊರಿಗೆ ಮೆಣಸಿನಕಾಯಿಯ ಮೊದಲ ಲಾರಿಗಳು ಬರುತ್ತಿದ್ದ ಸಮಯ. ಆ ದಿನಗಳಲ್ಲಿ ಬ್ಯಾಡಗಿಯಲ್ಲಿ ಸೀನದವರೇ ಇಲ್ಲ. ಫಕ್ಕೀರವ್ವ ನಕ್ಕಳು. "ಏನವಾ, ಈ ಊರಾಗ ಹುಟ್ಟಿ ಘಾಟಿಗೆ ಸೀನ್ತೀಯಲ್ಲ!"

ನಾಲ್ಕು ದಿನ ಹಾಗೆ ನಗುತ್ತಲೇ ಕಳೆದಳು. ಐದನೆಯ ದಿನ ಬೂದಿಯ ಕಣ್ಣಂಚಿನಲ್ಲಿ ನೊರೆ ಕಾಣಿಸಿತು. ಗಂಟಲಲ್ಲಿ ಗುರುಗುರು. ಪುಕ್ಕ ಉಬ್ಬಿಸಿಕೊಂಡು ಮೂಲೆ ಹಿಡಿಯಿತು. ಫಕ್ಕೀರವ್ವ ಅದನ್ನು ಎತ್ತಿ ಎದೆಗೆ ಕಿವಿ ಇಟ್ಟಳು. ಆಗ ಅವಳ ಮುಖ ಬದಲಾದದ್ದು ನನಗೆ ಕಂಡಿತು. ದನದ ದವಾಖಾನೆಗೆ ಓಡಿ ನೀರಿಗೆ ಹಾಕುವ ಪುಡಿ ತಂದಳು. ಅದು ಸರಿಯಾದದ್ದೇ. ಆಮೇಲೆ ತನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ನನ್ನ ಮೇಲೆ ಪ್ರಯೋಗಿಸಿದಳು.

"ಥಂಡಿ ಹೊಕ್ಕೇತಿ. ಬಾಣಂತಿ ನೋಡಿಕೊಂಡಂಗ ನೋಡಿಕೊಂಡ್ರ ಎದ್ದು ನಿಂದರತಾವು," ಎಂದು ತನಗೆ ತಾನೇ ಹೇಳಿಕೊಂಡು, ಮೆಣಸಿನಕಾಯಿಯ ಖಾಲಿ ಚೀಲಗಳನ್ನು ಝಾಡಿಸಿ ನನ್ನ ಬೆನ್ನಿಗೆ ಎರಡು ಪದರ ಹೊಲಿದಳು. ಮೂರು ಸಾಲು ತೂತುಗಳೂ ಮುಚ್ಚಿದವು. ಶಟರಿನ ಸಂದಿಗೆ ಅರಿವೆ ತುರುಕಿದಳು. ಒಂದು ಮೂಲೆಯಲ್ಲಿ ಮಣ್ಣಿನ ಕುಡಿಕೆ ಇಟ್ಟು, ಕೆಂಡ ಹಾಕಿ, ಅಜವಾನ ಉದುರಿಸಿದಳು. ಸಂಜೆ ಬಾಗಿಲು ಎಳೆದರೆ ಬೆಳಕು ಹರಿದ ಮೇಲೆಯೇ ತೆಗೆಯುತ್ತಿದ್ದಳು.

ನನಗೆ ಕ್ರೋಶಾ ಬಟ್ಟೆಯ ಕಾಲದ ಅದೇ ಉಸಿರುಗಟ್ಟುವಿಕೆ ನೆನಪಾಯಿತು. ಕೋಳಿಗಳ ಉಸಿರು ಹಬೆಯಾಗಿ ಒಳಗೋಡೆಗೆ ಹತ್ತಿ ನೀರಾಗಿ ಇಳಿಯುತ್ತಿತ್ತು. ಕೆಳಗೆ ಹಿಕ್ಕೆ ಒದ್ದೆಯಾಗಿ ಮೂಗು ಸುಡುವ ವಾಸನೆ ಏರುತ್ತಿತ್ತು. ಮೇಲೆ ಹೊಗೆ, ಹಿಂದೆ ಖಾರದ ಧೂಳು. ನಾಲ್ಕೂ ಕೊಕ್ಕು ತೆರೆದು ಮೇಲೆ ನೋಡುತ್ತಿದ್ದವು. ಬೆನ್ನು ತೆಗೆಯೇ ತಾಯಿ, ಬೆನ್ನು ತೆಗೆ ಎಂದು ನಾನು ಕೂಗಬೇಕೆಂದಿದ್ದೆ. ಇಡೀ ಓಣಿಗೆ ಕೇಳುವಂತೆ ಮಾತಾಡಿದವನು ನಾನು. ಆಗ ಹೇಳಲು ನನ್ನದೇನೂ ಇರಲಿಲ್ಲ. ಈಗ ಹೇಳಲು ಒಂದೇ ಒಂದು ಮಾತಿತ್ತು, ದನಿ ಇರಲಿಲ್ಲ.

ಬೂದಿ ಸತ್ತಿತು. ಫಕ್ಕೀರವ್ವ ಇನ್ನೊಂದು ಚೀಲ ತಂದು ನನ್ನ ನೆತ್ತಿಗೂ ಹೊದಿಸಿದಳು. ಮೂರು ದಿನಕ್ಕೆ ಕೆಂಪಿಯೂ ಹೋಯಿತು. ಅವಳು ಒಂದು ಹಿಡಿ ಹೆಚ್ಚು ಕೆಂಡ ಹಾಕಿದಳು. ಸತ್ತಷ್ಟೂ ಬಿಗಿ, ಬಿಗಿಯಾದಷ್ಟೂ ಸಾವು. ಅವಳು ಪುಡಿ ಕಲಸಿದ ನೀರನ್ನು ಹನಿ ಹನಿಯಾಗಿ ಕೊಕ್ಕಿಗೆ ಬಿಡುತ್ತಲೇ ಇದ್ದಳು. ನನಗಂತೂ ನಾನು ಗೂಡಲ್ಲ, ಗೋರಿ ಎನ್ನಿಸಿಬಿಟ್ಟಿತು.

ಹಿತ್ತಿಲ ಗೋಡೆಯ ಆಚೆ ದುರ್ಗವ್ವನ ಮನೆ. ಅವಳ ಮಗಳು ಕಸ್ತೂರಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಆ ಮನೆಯ ಹಿಂದಿನ ಕಿಟಕಿ ನನಗೆ ನೇರ ಎದುರು. ಕೆಂಪಿಯನ್ನು ಹೂತ ಮಧ್ಯಾಹ್ನ ದುರ್ಗವ್ವ ಗೋಡೆಯ ಮೇಲಿಂದ ಕೇಳಿದಳು. "ಫಕ್ಕೀರವ್ವಾ, ಇವತ್ತ-ನಾಳೆ ಆಗೂ ಹಂಗೈತಿ. ಆಸ್ಪತ್ರಿಯಿಂದ ಬಂದಮ್ಯಾಲೆ ಎರಿಯಾಕ ನೀನೇ ಬರಬೇಕು ನೋಡು."

ಫಕ್ಕೀರವ್ವ ಮಣ್ಣು ಮೆತ್ತಿದ ತನ್ನ ಕೈ ನೋಡಿಕೊಂಡಳು. "ಬ್ಯಾಡವ್ವಾ. ಈ ಕೈಗೆ ಏನೋ ಆಗೇತಿ. ಎರಡು ಕೋಳಿ ಉಳಿಸಿಕೊಳ್ಳಾಕ ಆಗಲಿಲ್ಲ, ಕೂಸು ಮುಟ್ಟಲೇನು?"

"ಹುಚ್ಚಿ! ಕೋಳಿಗೂ ಕೂಸಿಗೂ ಏನ್ ಸಂಬಂಧ?"

"ಚುಕ್ಕಿ ಉಳಿದ್ರ ಬರ್ತೀನಿ. ಇಲ್ಲಂದ್ರ ಬ್ಯಾರೆದವರನ್ನ ಕರಿ," ಎಂದು ಒಳಗೆ ಹೋದಳು. ಆ ಹೊತ್ತಿಗೆ ಚುಕ್ಕಿಯ ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು.

ಮುಂದೆ ಆದದ್ದಕ್ಕೆ ನನ್ನನ್ನು ಹೊಗಳಬೇಕಾಗಿಲ್ಲ. ನನ್ನ ಬೆನ್ನಿನ ಹಲಗೆ ಪ್ಲೈವುಡ್ಡಿನದು. ಅಷ್ಟು ದಿನದ ಹಬೆ ಕುಡಿದು ಉಬ್ಬಿ, ಮೊಳೆಗಳನ್ನು ಸಡಿಲು ಮಾಡಿಕೊಂಡಿತ್ತು. ಮರುದಿನ ಬೆಳಗ್ಗೆ ಅವಳು ಶಟರ್ ಸರಿಸುವಾಗ ಮೈ ಅಲುಗಿತು, ಬೆನ್ನು ಚೀಲಗಳ ಸಮೇತ ಕಳಚಿ ದಬ್ಬನೆ ಬಿತ್ತು. ನಾನಾಗಿ ಬೀಳಿಸಿದೆನೋ ಅದಾಗಿ ಬಿತ್ತೋ ನನಗೂ ತಿಳಿಯದು. ಬೀಳಲಿ ಎಂದು ಬಯಸಿದ್ದಂತೂ ನಿಜ.

ಫಕ್ಕೀರವ್ವ ಎದೆ ಎದೆ ಬಡಿದುಕೊಂಡಳು. ತಣ್ಣನೆಯ ಗಾಳಿ ನೇರ ಒಳಗೆ ನುಗ್ಗುತ್ತಿತ್ತು. ತನ್ನ ಸೀರೆಯನ್ನೇ ತಂದು ಅಡ್ಡ ಹಿಡಿದು, ಬೀದಿಯಲ್ಲಿ ಸೈಕಲ್ ಮೇಲೆ ಹೊರಟಿದ್ದ ಮಾಬುಸಾಬನನ್ನು ಕೂಗಿದಳು. "ಮಾಬು, ಮೊಳಿ ಸುತ್ತಿಗಿ ತಾರೋ! ಲಗೂನ ಬಡಿ ಇದನ್ನ, ಥಂಡಿ ಹೊಡದು ಸಾಯ್ತಾವು!"

ಮಾಬುಸಾಬನಿಗೂ ವಯಸ್ಸಾಗಿತ್ತು. ಪಾಲಿಶ್ ಹೋದ ನನ್ನನ್ನು ಗುರುತು ಹಿಡಿದು, "ಮಾಸ್ತರ ಟಿವಿ ಅಲ್ಲೇನು ಇದು?" ಅಂದ. ಬಗ್ಗಿ ಒಳಗೆ ಮುಖ ಹಾಕಿದವನು ಕೆಮ್ಮುತ್ತ ಹಿಂದೆ ಸರಿದ. ಕಣ್ಣಿಂದ ನೀರು ಸುರಿಯುತ್ತಿತ್ತು. ಸುತ್ತಿಗೆಯನ್ನು ಕೆಳಗಿಟ್ಟ.

"ನಾ ಬಡಿಯೂದಿಲ್ಲ."

"ಯಾಕೋ? ಬಾಣಂತಿಗೆ ಗಾಳಿ ಬಡೀಬಾರದು ಅಂತ ಗೊತ್ತಿಲ್ಲೇನು ನಿನಗ?"

"ಗಾಳಿ ಬಡೀಬಾರದು, ಖರೆ. ಗಾಳೀನೇ ಇರಬಾರದು ಅಂತ ಯಾರ್ ಹೇಳ್ಯಾರ? ದಿನಾ ಬರೇ ಕೈ ಹಾಕಿ ನೀರ ಕುಡಸ್ತೀ. ಒಮ್ಮೆ ಹಿಂದಿಂದ ನಿನ್ನ ತಲಿ ಹಾಕು ಅಕ್ಕಾ. ಶಟರ್ ಎಳದು, ಚೀಲ ಅಡ್ಡ ಹಿಡೀತೀನಿ. ನೂರು ಎಣಿಸೂತನ ಇರು."

ಅವಳು ಸಿಟ್ಟಿನಿಂದಲೇ ತಲೆ ಹಾಕಿದಳು. ಆಗ ಅವಳ ಮುಖ ನನ್ನ ಹೊಟ್ಟೆಯೊಳಗಿತ್ತು, ಒಂದು ಕಾಲಕ್ಕೆ ಗಾಜಿನ ಕೊಳವೆ ಇದ್ದ ಜಾಗದಲ್ಲಿ. ಇಪ್ಪತ್ತು ಎಣಿಸುವಷ್ಟರಲ್ಲಿ ಕೆಮ್ಮು ಬಂತು. ಮೂವತ್ತಕ್ಕೆ ಹೊರಗೆ ಬಂದು ಕಲ್ಲಿನ ಮೇಲೆ ಕುಸಿದಳು. ಸೆರಗಿನಿಂದ ಕಣ್ಣು ಒರೆಸಿಕೊಂಡು ಕೇಳಿದಳು.

"ಹಂಗಾರ ಬೂದಿನ್ನ, ಕೆಂಪಿನ್ನ ನಾನೇ ಕೊಂದ್ನೇನೋ ಮಾಬು?"

ಮಾಬುಸಾಬ ಚೀಲದ ಹೊಲಿಗೆ ಬಿಚ್ಚುತ್ತ, "ರೋಗನೂ ಇತ್ತು," ಅಂದ. ಆಮೇಲೆ ಮೆಲ್ಲಗೆ, "ಉಳಿದ ಎರಡರ ಕೆಲಸ ನೋಡು ಮೊದಲ," ಅಂದ.

ಅವನು ನನ್ನ ಬೆನ್ನಿನ ಮೇಲರ್ಧಕ್ಕೆ ತಂತಿ ಜಾಳಿಗೆ ಬಡಿದ, ಕೆಳಗೆ ಕೋಳಿ ಕೂರುವ ಮಟ್ಟಕ್ಕೆ ಗಾಳಿ ತಾಗದಂತೆ ಹಲಗೆ ಕೊಟ್ಟ. ಅವಳು ಕೆಂಡ ಎತ್ತಿ ಚೆಲ್ಲಿ, ಒದ್ದೆಯನ್ನೆಲ್ಲ ಕೆರೆದು ತೆಗೆದು, ಒಲೆಯ ಒಣ ಬೂದಿ ಮತ್ತು ಭತ್ತದ ಹೊಟ್ಟು ಹರಡಿದಳು. ಪುಡಿಯ ನೀರು ತಪ್ಪಲಿಲ್ಲ. ಆದರೂ ಮೊದಲ ದಿನ ಚುಕ್ಕಿ ಕತ್ತು ಎತ್ತಲಿಲ್ಲ. ಎರಡನೇ ದಿನವೂ ಇಲ್ಲ. ಅಂದೇ ಗೋಡೆಯಾಚೆಯಿಂದ ಹೆಣ್ಣು ಕೂಸು ಎಂಬ ಸುದ್ದಿ ಬಂತು. ಫಕ್ಕೀರವ್ವ ಕೇಳಿಯೂ ಕೇಳದವಳಂತೆ ಚುಕ್ಕಿಯ ಕಣ್ಣಿಗೆ ಬೆಚ್ಚನೆಯ ನೀರಿನ ಅರಿವೆ ಒತ್ತುತ್ತ ಕೂತಿದ್ದಳು. ಗುರುಗುರು ಸದ್ದನ್ನು ನಾನೂ ಎಣಿಸುತ್ತಿದ್ದೆ. ಒಂದು ಉಸಿರು, ಇನ್ನೊಂದು ಉಸಿರು. ಮುಂದಿನದು ಬರುತ್ತದೋ ಇಲ್ಲವೋ ಎಂದು ಕಾಯುವುದು ಎಷ್ಟು ಕೆಟ್ಟದ್ದು ಎಂದು ಆಗ ಗೊತ್ತಾಯಿತು.

ಐದನೆಯ ಬೆಳಗ್ಗೆ ಅವಳು ಹಾಕಿದ ಜೋಳದ ಕಾಳಿಗೆ ಜಗಳಗಂಟಿ ಬಾಯಿ ಹಾಕಿತು. ಅದರ ನೆತ್ತಿಗೆ ಟಕ್ಕನೆ ಒಂದು ಏಟು ಬಿತ್ತು. ಕೊಟ್ಟದ್ದು ಚುಕ್ಕಿ. ಕಾಳು ನುಂಗಿ, ಒಕ್ಕಣ್ಣಿನಲ್ಲಿ ಅತ್ತಿತ್ತ ನೋಡಿ, ಕುಂಟುತ್ತ ಹೋಗಿ ಫಕ್ಕೀರವ್ವನ ಮಡಿಲು ಹತ್ತಿ ಕೂತಿತು. ಅವಳು ಚುಕ್ಕಿಯ ಬೆನ್ನ ಮೇಲೆ ಕೈ ಇಟ್ಟುಕೊಂಡೇ ಇದ್ದಳು. ಬಿಸಿಲು ಗೋಡೆ ಇಳಿದ ಮೇಲೆ ಎದ್ದು, ಮೊಳಕೈವರೆಗೆ ಸಾಬೂನು ಹಚ್ಚಿ ಎರಡು ಸಲ ಕೈ ತೊಳೆದು, ಸೀರೆ ಬದಲಿಸಿ, ಎಣ್ಣೆ ಬಟ್ಟಲು ಹಿಡಿದು ದುರ್ಗವ್ವನ ಮನೆಗೆ ಹೊರಟಳು. ಕಸ್ತೂರಿ ಕೂಸಿನೊಂದಿಗೆ ಹಿಂದಿನ ದಿನವೇ ಆಸ್ಪತ್ರೆಯಿಂದ ಬಂದಿದ್ದಳು.

ನನ್ನ ಎದುರಿನ ಕಿಟಕಿಗೆ ಕೌದಿ ಕಟ್ಟಿತ್ತು. ಅದನ್ನು ಕಟ್ಟುವುದನ್ನು ದುರ್ಗವ್ವನಿಗೆ ಕಲಿಸಿದವಳೂ ಫಕ್ಕೀರವ್ವನೇ. ಒಳಗಿಂದ ಅವಳ ದನಿ ಕೇಳಿತು.

"ಮೊದಲ ಆ ಕೆಂಡ ಹೊರಗ ಇಡ್ರಿ. ಕಿಡಕಿ ತಗೀರಿ."

"ಏ, ಥಂಡಿ ಬಿಟ್ಟೇತಿ! ಕೂಸಿಗೆ ಗಾಳಿ ಬಡೀತೇತಿ!" ದುರ್ಗವ್ವನ ಗಾಬರಿ.

"ಬಡಿಯೂದು ಬ್ಯಾಡ. ಕೆಳಗಿಂದು ಹಂಗೇ ಇರಲಿ, ಮ್ಯಾಲಿನ ಬಾಗಿಲ ತಗೀರಿ. ಕೂಸು ಉಸಿರಾಡಲಿ."

ಕೌದಿ ಸರಿಯಿತು. ಮೇಲಿನ ಎರಡು ಬಾಗಿಲು ಕಿರುಗುಟ್ಟಿ ತೆರೆದವು.

ಇದೆಲ್ಲ ಆಗಿ ಎರಡು ಚಳಿಗಾಲ ಕಳೆದವು. ನನ್ನ ಒಂದು ಕಾಲನ್ನು ಗೆದ್ದಲು ತಿಂದಿದೆ, ಅಲ್ಲಿಗೆ ಇಟ್ಟಿಗೆ ಬಂದಿದೆ. ಚುಕ್ಕಿಯ ಮರಿಗಳು ನನ್ನ ಶಟರನ್ನು ಕುಕ್ಕುವುದರಲ್ಲಿ ಜಗಳಗಂಟಿಯನ್ನೂ ಮೀರಿಸಿವೆ. ಇನ್ನೊಂದು ಮಳೆಗಾಲ ತಡೆದರೆ ಹೆಚ್ಚು. ಅದಕ್ಕೆ ನನಗೆ ಬೇಸರವಿಲ್ಲ. ವರ್ಷಗಟ್ಟಲೆ ಯಾರ್ಯಾರದೋ ಮಾತುಗಳನ್ನು ನಾನು ಆಡಿದ್ದೆ. ಆ ದಿನ ನನ್ನ ಒಂದೇ ಒಂದು ಮಾತನ್ನು ಫಕ್ಕೀರವ್ವ ಆಡಿದಳು. ಬಿಸಿನೀರು ಮೈಗೆ ಬಿದ್ದಾಗ ಆ ಕೂಸು ಅತ್ತದ್ದು ತೆರೆದ ಕಿಟಕಿಯಿಂದ ಹಿತ್ತಿಲಿಗೆಲ್ಲ ಕೇಳಿತು.