ಹದಿನೈದನೇ ಫಾರಂ

ಅಯ್ಯೋ, ಬೋರಲು ಹಾಕಿಬಿಟ್ಟಳಲ್ಲ, ತೆರೆದ ಪುಸ್ತಕವನ್ನು ಹೀಗೆ ಮಕಾಡೆ ಮಲಗಿಸಿದರೆ ಅದರ ಬೆನ್ನು ಏನಾಗಬೇಕು, ಮುಂದಿನ ಸಾಲಿನ ನರ್ಸಮ್ಮ ಕಣ್ಣೊರೆಸಲು ಕರವಸ್ತ್ರ ಹುಡುಕುತ್ತಿದ್ದಾಳೆ, ಹುಡುಕಲಿ ಪಾಪ, ಆದರೆ ಪುಸ್ತಕ ಮುಚ್ಚಿಟ್ಟು ಅಳಬಾರದೇ ಎಂದುಕೊಂಡಳು ಗೋಂದಮ್ಮ, ಓದುವ ಕೋಣೆಯ ಕೊನೆಯ ಬೆಂಚಿನಲ್ಲಿ, ಮಡಿಲಲ್ಲಿ ರಟ್ಟು ಕಿತ್ತ ನಿಘಂಟು, ಕೈಯಲ್ಲಿ ದಬ್ಬಣ — ಮೂವತ್ತೊಂದು ವರ್ಷದಿಂದ ಈ ಲೈಬ್ರರಿಯಲ್ಲಿ ಹರಿದದ್ದನ್ನೆಲ್ಲ ಹೊಲಿದು ಅಂಟಿಸಿ ಮತ್ತೆ ನಿಲ್ಲಿಸಿದವಳು, ಹೆತ್ತವರಿಟ್ಟ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿದು ಜನರ ಬಾಯಲ್ಲಿ ಗೋಂದಮ್ಮ ಆದವಳು — ಇವತ್ತು ಮಾತ್ರ ಹೊಲಿಗೆ ಒಂದಿಂಚೂ ಮುಂದೆ ಹೋಗುತ್ತಿಲ್ಲ, ಹೇಗೆ ಹೋದೀತು, ಎದುರಿನ ಮೇಜಿನ ಹಿಂದೆ ಕೂತು, ತಾನು ಬರೆದ ಆ ಪುಸ್ತಕದ ಬಗ್ಗೆ ಓದುಗರು ಆಡುವ ಮಾತಿಗೆ ತಲೆಯಾಡಿಸುತ್ತಿರುವವನು ಅವಳ ಮಗ. ಅವಳ ಹೊಟ್ಟೆಯಲ್ಲೇ ಹುಟ್ಟಿದವನು. ಇಲ್ಲಿರುವ ಮೂವತ್ತು ಜನರಲ್ಲಿ ಒಬ್ಬರಿಗೂ ಅದು ಗೊತ್ತಿಲ್ಲ, ಪುಸ್ತಕದ ಮೇಲೆ ಅವನು ಬೇರೆ ಹೆಸರು ಇಟ್ಟುಕೊಂಡಿದ್ದಾನೆ, ಹೇಳಿಬಿಡಲೇ, ಎದ್ದು ನಿಂತು ಇವನು ನನ್ನ ಮಗ ಕಣ್ರೀ ಎಂದುಬಿಡಲೇ, ಎರಡು ಸಲ ನಾಲಗೆಯ ತುದಿಗೆ ಬಂತು, ಎರಡು ಸಲವೂ ನುಂಗಿಕೊಂಡಳು, ಯಾಕೆಂದರೆ ಅವನಿಗೇ ಗೊತ್ತಿಲ್ಲ — ಅಮ್ಮ ಈ ಪುಸ್ತಕ ಓದಿದ್ದಾಳೆಂದು. ಎರಡು ವರ್ಷದ ಹಿಂದೆ ಅಡುಗೆಮನೆಯ ಬಾಗಿಲಿಗೆ ಒರಗಿ ಅಮ್ಮಾ ನಾನು ಪ್ರೀತಿಸೋದು ಒಬ್ಬ ಹುಡುಗನ್ನ ಅಂದಿದ್ದ, ಅವಳ ಬಾಯಿಂದ ಬಂದದ್ದು ಆಯ್ತು ಬಾ ಊಟ ಮಾಡು ಎಂಬುದೊಂದೇ, ಸಿಟ್ಟಿನಿಂದಲ್ಲ, ದೇವರಾಣೆ ಸಿಟ್ಟಿನಿಂದಲ್ಲ, ಏನನ್ನಬೇಕೆಂದು ತೋಚದೆ, ಅನ್ನವಾದರೂ ಬಡಿಸೋಣವೆಂದು, ಅವನು ತಲೆ ತಗ್ಗಿಸಿ ಎರಡು ತುತ್ತು ತಿಂದು ಎದ್ದುಹೋದ, ಆಮೇಲೆ ಅಂಚೆಯಲ್ಲಿ ಪುಸ್ತಕ ಬಂತು, ಮೊದಲ ಪುಟದಲ್ಲಿ ಅಮ್ಮನಿಗೆ, ಓದಿದರೆ — ಓದಿದರೆ ಅಂತೆ, ತಲೆಹರಟೆ — ಅವಳು ಫೋನು ಮಾಡಿ ತಲುಪಿತು ಕಣೋ ಅಂದಳು, ಅಲ್ಲಿಗೆ ಮುಗಿಯಿತು. ಈಗ ನೋಡಿದರೆ ಎರಡನೇ ಸಾಲಿನಲ್ಲಿ ಮಗನ ಚೀಲ ಮಡಿಲಲ್ಲಿಟ್ಟುಕೊಂಡು ಒಬ್ಬ ಉದ್ದನೆಯ ಹುಡುಗ ಕೂತಿದ್ದಾನೆ, ಇವನೇ ಇರಬೇಕು, ಇವನೇ, ನೆಟ್ಟಗೆ ಕೂತಿದ್ದಾನೆ, ಕಾಲು ಅಲ್ಲಾಡಿಸುವುದಿಲ್ಲ, ಅಷ್ಟು ಸಾಕು.

ಪುಸ್ತಕದಲ್ಲಿ ಲಿಫ್ಟ್ ರಿಪೇರಿ ಮಾಡುವ ಹುಡುಗನೊಬ್ಬ ಹಳೇ ಕಟ್ಟಡದ ಲಿಫ್ಟಿನಲ್ಲಿ ಎಪ್ಪತ್ತು ವರ್ಷ ಹಿಂದಕ್ಕೆ ಇಳಿದುಬಿಡುತ್ತಾನೆ, ಅಲ್ಲೊಂದು ಅಚ್ಚುಕೂಟ, ಅಲ್ಲಿ ಸೀಸದ ಅಕ್ಷರದ ಮೊಳೆ ಜೋಡಿಸುವ ಇನ್ನೊಬ್ಬ ಹುಡುಗ, ಬೆರಳ ತುದಿಯೆಲ್ಲ ಮಸಿ, ಮೊದಲ ದಿನ ಜಗಳ, ಮೂರನೇ ದಿನ ಸ್ನೇಹ, ಆಮೇಲೆ — ಆಮೇಲೆ ಏನು, ಎಲ್ಲರಿಗೂ ಆಗುವಂಥದ್ದೇ ಅವರಿಗೂ ಆಯಿತು. ಲೈಬ್ರರಿಗೆ ಬಂದದ್ದು ಒಂದೇ ಪ್ರತಿ, ಹನ್ನೊಂದು ತಿಂಗಳಲ್ಲಿ ತಾರೀಖಿನ ಚೀಟಿ ಎರಡು ಸಲ ತುಂಬಿ ಮೂರನೆಯದನ್ನು ಅವಳೇ ಅಂಟಿಸಿದಳು, ಅಂಟಿಸುವಾಗ ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಚೀಟಿಯನ್ನೊಮ್ಮೆ ಸವರಿದಳು, ಮದುವೆಯ ಸೀರೆಯನ್ನೂ ಹಾಗೆ ಸವರಿದವಳಲ್ಲ. ವಾಪಸು ಬಂದ ಪುಸ್ತಕದಲ್ಲಿ ಓದುಗರು ಪೆನ್ಸಿಲಿನಲ್ಲಿ ಗೀಚಿದ್ದನ್ನು ರಬ್ಬರಿನಿಂದ ಅಳಿಸುವುದೂ ಅವಳದೇ ಕೆಲಸ, ಹಾಗಾಗಿ ಮಗನ ಬಗ್ಗೆ ಲೋಕ ಅಂದದ್ದೆಲ್ಲ ಮೊದಲು ಅವಳ ಕಣ್ಣಿಗೇ ಬಿತ್ತು, ಅವಳ ಕೈಯಲ್ಲೇ ಅಳಿಯಿತು, ಯಾರೋ ನಾನೂ ಹೀಗೇ ಎಂದು ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಬರೆದಿದ್ದರು, ಯಾರೋ ಲಿಫ್ಟಿಗೆ ಎಪ್ಪತ್ತು ವರ್ಷದ ಹಿಂದೆ ಕರೆಂಟು ಎಲ್ಲಿತ್ತು ಸ್ವಾಮಿ ಎಂದು ಕೇಳಿದ್ದರು — ಇರಲಿಲ್ಲವಂತೆ, ಬಂದುಬಿಟ್ಟ ದೊಡ್ಡ ಇಂಜಿನಿಯರು — ಮತ್ತೆ ನಿವೃತ್ತ ಮೇಷ್ಟ್ರ ನೀಲಿ ಪೆನ್ಸಿಲು, ಅಕೋ ಕಿಟಕಿಯ ಪಕ್ಕ ಕೈ ಕಟ್ಟಿಕೊಂಡು ಕೂತಿದ್ದಾರಲ್ಲ ಅವರೇ, ಇಪ್ಪತ್ತನೇ ಪುಟದಲ್ಲಿ ಥೂ, ಐವತ್ತರಲ್ಲಿ ಇದೆಲ್ಲ ಬೇಕಿತ್ತೇ, ನೂರ ಹತ್ತರಲ್ಲಿ ಅಚ್ಚುಕೂಟದ ವರ್ಣನೆ ಪರವಾಗಿಲ್ಲ, ಇನ್ನೂರ ಐವತ್ತು ದಾಟಿದ ಮೇಲೆ, ಮೊಳೆ ಜೋಡಿಸುವವನನ್ನು ಬಿಟ್ಟು ಹುಡುಗ ಲಿಫ್ಟಿನತ್ತ ಓಡುವಲ್ಲಿ, ಅಂಚಿನ ಉದ್ದಕ್ಕೂ ಹತ್ತಬೇಡವೋ ಮೂರ್ಖ, ಹತ್ತಬೇಡ. ಅದೊಂದನ್ನು ಅವಳು ಅಳಿಸಲಿಲ್ಲ. ರಬ್ಬರು ಹಿಡಿದ ಕೈ ಮೇಲೇ ನಿಂತಿತು, ನನ್ನ ಮಗ ನೋಡಿ, ಥೂ ಅಂದವರಿಂದ ಹತ್ತಬೇಡ ಅನ್ನಿಸಿದ, ಸಾಮಾನ್ಯದವನಲ್ಲ ಎಂದು ಅವತ್ತು ದಾರಿಯುದ್ದಕ್ಕೂ ಒಬ್ಬಳೇ ನಗುತ್ತಾ ಮನೆಗೆ ಹೋದಳು.

ಈಗ ಕಾಲೇಜಿನ ಹುಡುಗಿ ಎದ್ದು ನಿಂತಿದ್ದಾಳೆ, ಸರ್ ನಂಗೆ ತುಂಬಾ ಇಷ್ಟ ಆಗಿದ್ದು ಪುಟದ ನಂಬರು, ಕೊನೇಲಿ ಇನ್ನೂರ ಐವತ್ತಾರು ಆದ್ಮೇಲೆ ಇನ್ನೂರ ಇಪ್ಪತ್ತೈದು ಬರುತ್ತಲ್ಲ, ಕಾಲದ ಜೊತೆ ಪುಟಾನೂ ಹಿಂದಕ್ಕೆ ಹೋಗೋದು, ಅದು ಹೇಗೆ ಹೊಳೀತು, ಮಗ ಹುಬ್ಬೇರಿಸಿದ, ಇನ್ನೂರ ಇಪ್ಪತ್ತೈದೇ, ನರ್ಸಮ್ಮ ಅತ್ತ ಮೂಗಿನಲ್ಲೇ ಮಾತು ಸೇರಿಸಿದಳು, ಲಿಫ್ಟ್ ಹತ್ತಿ ಹೋದವನು ಮತ್ತೆ ಬಂದು ಮೆಟ್ಟಿಲ ಮೇಲೆ ಅವನ ಪಕ್ಕ ಕೂತು ಇನ್ನು ಎಲ್ಲಿಗೂ ಹೋಗಲ್ಲ ಅಂತಾನಲ್ಲ, ನಾನು ವಾರ್ಡಿನಲ್ಲಿ ಓದಿ ಅತ್ತುಬಿಟ್ಟೆ ಅಂದಳು, ಇಲ್ಲಮ್ಮ ಅಂದ ಮಗ, ಕೊನೆಗೆ ಅವರು ಅಗಲುತ್ತಾರೆ, ಮೆಟ್ಟಿಲಿನ ಮಾತು ಅದಕ್ಕೆ ಮುಂಚೆ — ಇಲ್ಲವಲ್ಲ ಎಂದರು ಮೂವತ್ತು ಜನ. ಗೋಂದಮ್ಮನ ಕೈಯ ದಬ್ಬಣ ನಿಘಂಟಿನ ಮೇಲೆ ಬಿತ್ತು, ಹೌದು, ಎರಡನೇ ತಿಂಗಳಲ್ಲೇ ಪ್ರೆಸ್ಸಿನ ಹೊಲಿಗೆ ಸಡಿಲವಾಗಿ ಪುಸ್ತಕ ಅವಳ ಮೇಜಿಗೆ ಬಂದಿತ್ತು, ಹದಿನಾರು ಪುಟದ ಮಡಿಕೆಗೆ ಒಂದು ಫಾರಂ, ಅಂಥ ಹದಿನಾರು ಫಾರಂ, ಬಿಚ್ಚಿ, ಒಂದರ ಮೇಲೊಂದಿಟ್ಟು, ನಂಬರು ನೋಡಿ ಹೊಲಿಯಬೇಕು, ಕೆಲಸ ಕಲಿಸಿದ ಮುದುಕ ಮೇಸ್ತ್ರಿ ಮೊದಲ ದಿನವೇ ಹೇಳಿದ್ದ, ನಂಬರು ನೋಡು, ಅಕ್ಷರ ನೋಡಬೇಡ, ಓದೋಕೆ ಶುರುಮಾಡಿದ ದಿನ ನಿನ್ನ ಕೈ ಕೆಡುತ್ತೆ, ಸಾವಿರಾರು ಪುಸ್ತಕ ಹಾದುಹೋದವು, ಹೊಲಿಯುವಾಗ ಒಂದು ಸಾಲನ್ನೂ ಓದಿದವಳಲ್ಲ, ಆವತ್ತು ಮಾತ್ರ ಹದಿನೈದನೇ ಫಾರಂ ಕೈಯಲ್ಲಿ ಹಿಡಿದವಳು, ಮನೆಯಲ್ಲಿ ಎರಡು ಸಲ ಓದಿದ್ದರೂ, ಆ ಮೆಟ್ಟಿಲಿನ ಪುಟಕ್ಕೆ ಬಂದು ನಿಂತಳು, ಇಬ್ಬರೂ ಭುಜಕ್ಕೆ ಭುಜ ತಾಗಿಸಿ ಕೂತಿದ್ದರು, ಸುಖವಾಗಿರಿ ಮಕ್ಕಳಾ ಅಂದುಕೊಂಡಳು, ಕಣ್ಣು ಮಂಜಾಯಿತು, ಫಾರಂ ಪಕ್ಕಕ್ಕಿಟ್ಟು ಕಣ್ಣೊರೆಸಿದಳು, ಕೈಗೆ ಸಿಕ್ಕಿದ್ದನ್ನು ಮೊದಲು ಹೊಲಿದಳು, ಇಟ್ಟದ್ದನ್ನು ಆಮೇಲೆ. ಅಷ್ಟೇ. ಹದಿನಾರು ಮೊದಲಾಗಿ ಹದಿನೈದು ಕೊನೆಯಾಯಿತು, ಹೋದವನು ಹಿಂದಿರುಗಿ ಬಂದ.

ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಪ್ರೆಸ್ಸಿನವರ ತಪ್ಪಿರಬೇಕು ಬಿಡಿ ಅಂದರು, ಎಲ್ಲರೂ ಹೌದು ಹೌದು ಅಂದರು, ಮುಗಿಯಿತು, ಸುಮ್ಮನಿದ್ದರೆ ಮೂವತ್ತೊಂದು ವರ್ಷದ ಹೆಸರು ಹಾಗೇ ಉಳಿಯುತ್ತದೆ, ಗೋಂದಮ್ಮನ ಹೊಲಿಗೆ ಅಂದರೆ ಕಣ್ಣು ಮುಚ್ಚಿ ನಂಬಬಹುದು ಎನ್ನುವ ಹೆಸರು, ಬೇರೆ ಲೈಬ್ರರಿಯವರೂ ಹುಡುಕಿಕೊಂಡು ಬರುವ ಹೆಸರು, ಬಾಯಿ ಬಿಟ್ಟರೆ ಈ ಕೋಣೆಯಲ್ಲೇ ಮಣ್ಣುಪಾಲು, ಬಿಡದಿದ್ದರೆ ಅವನು ಬಸ್ಸು ಹತ್ತಿ ಹೋಗುತ್ತಾನೆ, ಅಮ್ಮ ಓದಲೇ ಇಲ್ಲ ಎಂದುಕೊಂಡೇ ಹೋಗುತ್ತಾನೆ. ಮಗ ಕೈ ಚಾಚಿ ನರ್ಸಮ್ಮನಿಂದ ಪುಸ್ತಕ ಇಸಿದುಕೊಂಡ, ಕೊನೆಯ ಫಾರಂನ ನಟ್ಟನಡುವೆ ಬಿಡಿಸಿದ, ಮಡಿಕೆಯ ಒಳಗಿನ ಬಿಳಿ ದಾರದ ಮೇಲೆ ಬೆರಳಿಟ್ಟ, ಬೆರಳು ದಾರದ ಗುಂಟ ಇಳಿಯಿತು, ಕೆಳಗೆ ಎರಡು ಸುತ್ತಿನ ಗಂಟಿನ ಮೇಲೆ ನಿಂತಿತು, ಬೂಟಿನ ಲೇಸು ಕಟ್ಟಲು ಬಾರದ ವಯಸ್ಸಿನಲ್ಲೇ ಅವಳ ಮೇಜಿನ ಕೆಳಗೆ ಕೂತು ಆ ಗಂಟು ಹಾಕಲು ಕಲಿತಿದ್ದವನು, ಬೇರೆ ಯಾರೂ ಹಾಗೆ ಹಾಕುವುದಿಲ್ಲ, ಅವನು ತಲೆಯೆತ್ತಿ ಕೊನೆಯ ಬೆಂಚಿನತ್ತ ನೋಡಿದ, ಬೆರಳು ದಾರದ ಮೇಲೇ ಇತ್ತು. ಗೋಂದಮ್ಮ ಎದ್ದಳು, ನಿಘಂಟು ಜಾರಿ ಬಿತ್ತು, ಬೀಳಲಿ.

ಪ್ರೆಸ್ಸಿನವರ ತಪ್ಪಲ್ಲ, ನಂದು, ಓದ್ತಾ ಓದ್ತಾ ಹೊಲಿದೆ ಅಂದಳು, ಧ್ವನಿ ಎಲ್ಲಿಂದ ಬಂತೋ, ಇಡೀ ಕೋಣೆಗೆ ಕೇಳಿಸುವಷ್ಟಿತ್ತು, ಇವನು ನನ್ನ ಮಗ, ಇದನ್ನು ಬರೆದವನು ನನ್ನ ಮಗ, ಮೂವತ್ತು ಮುಖಗಳು ತಿರುಗಿದವು, ಎರಡನೇ ಸಾಲಿನ ಉದ್ದನೆಯ ಹುಡುಗ ಚೀಲ ತಬ್ಬಿಕೊಂಡು ಎದ್ದು ನಿಂತ, ನೀನೂ ಕೂತ್ಕೊಳಪ್ಪ ಅಂದಳು ಅವನಿಗೆ, ಮನೆಯವನಿಗೆ ಹೇಳಿದ ಹಾಗೆ, ಓದಿದ್ಯಾ ಅಮ್ಮ ಎಂದು ಮಗ ಕೇಳಿದ್ದು ಅವನ ತುಟಿಯಲ್ಲಷ್ಟೇ ಕಂಡಿತು, ಮೂರು ಸಲ ಕಣೋ ಅಂದಳು, ಇಷ್ಟು ಹೆಮ್ಮೆ ಒಂದು ಎದೆಯಲ್ಲಿ ಹಿಡಿಸುತ್ತದೆಂದು ಯಾರು ಹೇಳಿದ್ದರು, ಮೇಷ್ಟ್ರ ನೀಲಿ ಪೆನ್ಸಿಲು ಇರಲಿ, ನರ್ಸಮ್ಮನ ಕಣ್ಣೀರು ಇರಲಿ, ತಪ್ಪು ತಪ್ಪೇ, ಕೆಲಸದವಳು ಕೆಲಸದ ಮಾತು ಆಡಬೇಕು, ಬಿಚ್ಚಿ ಸರಿಯಾಗಿ ಹೊಲೀಲಾ ಮಗಾ ಎಂದು ಕೇಳಿದಳು, ನೀನು ಬರೆದ ಹಾಗೇ ಮಾಡಿಕೊಡ್ತೀನಿ, ಹತ್ತು ನಿಮಿಷದ ಕೆಲಸ — ಅವನ ಬೆರಳು ದಾರದ ಮೇಲೆ, ಉಗುರು ಬೆಳ್ಳಗಾಗುವಷ್ಟು ಒತ್ತಿ, ಯಾರೂ ಬಿಚ್ಚದಂತೆ, ಬೆರಳು, ಆ ದಾರದ ಮೇಲೆ.