ಹೋಗುವ ಕಾರಿನ ಬಿಳಿ ಬೆಳಕು

ಹೆಮ್ಮರಗಾಲದ ರಾಜೇಂದ್ರ ಇನ್ನೊಬ್ಬರಿಂದ ಕೊಂಡ ಹಳೆಯ ಕಾರಿನ ಹಿಂಬದಿಗೆ ಎಲ್‌ಇಡಿ ದೀಪ ಹಾಕಲೇಬೇಕೆಂದು ಹಟ ಹಿಡಿದವಳು ಅವನ ಹೆಂಡತಿ ಪುಟ್ಟಲಕ್ಷ್ಮಿ. ಹಟಕ್ಕೆ ಕಾರಣ ಭಯ, ಬೇರೇನೂ ಅಲ್ಲ. ಹಿಂದಿನ ವರ್ಷ ಕಬ್ಬು ಕಡಿಯುವ ಕಾಲದಲ್ಲಿ ರಾಜೇಂದ್ರನ ತಮ್ಮ ಶಿವು ಮುಸ್ಸಂಜೆ ಹೊತ್ತು ಗೂಡ್ಸ್ ಆಟೋ ಓಡಿಸಿಕೊಂಡು ಬರುತ್ತಿದ್ದ. ಆಟೋದ ಹಿಂದಿನ ದೀಪ ಯಾವಾಗ ಸುಟ್ಟುಹೋಗಿತ್ತೋ ಅವನಿಗೆ ತಿಳಿದಿರಲಿಲ್ಲ. ಹಿಂದೆ ಬಂದ ಟ್ರ್ಯಾಕ್ಟರ್ ಗುದ್ದಿತು. ಜೀವ ಉಳಿಯಿತು, ಆದರೆ ಶಿವು ಇವತ್ತಿಗೂ ಕೋಲು ಹಿಡಿದೇ ನಡೆಯುತ್ತಾನೆ. ಅಂದಿನಿಂದ ಪುಟ್ಟಲಕ್ಷ್ಮಿಗೆ ಒಂದು ಅಭ್ಯಾಸ. ಗಂಡ ಕತ್ತಲಾಗುವಾಗ ಕಾರು ತೆಗೆದರೆ, ಹಿಂದಿನ ಎರಡು ಸಣ್ಣ ದೀಪಗಳು ಉರಿಯುತ್ತಿವೆಯೇ ಎಂದು ನೋಡದೆ ಒಳಗೆ ಹೋಗುತ್ತಿರಲಿಲ್ಲ. ಊರ ರಸ್ತೆಯ ಗುಂಡಿಗಳಿಗೆ ಆ ಹಳೇ ಬಲ್ಬುಗಳು ತಿಂಗಳಿಗೊಮ್ಮೆ ಪ್ರಾಣ ಬಿಡುತ್ತಿದ್ದವು.

ಕೊನೆಗೊಂದು ಭಾನುವಾರ ಬೆಳಿಗ್ಗೆ ರಾಜೇಂದ್ರ ನಂಜನಗೂಡಿನ ಅಂಗಡಿಯಿಂದಲೇ ಫೋನ್ ಮಾಡಿದ.

"ಕೆಂಪು ಗಾಜಿಗೆ ಕೆಂಪು ಎಲ್‌ಇಡೀನೇ ಹಾಕ್ಬೇಕಂತೆ ಕಣಮ್ಮಿ. ಬಿಳೀದೂ ಅದೆ. ಯಾವ್ದು ತರ್ಲಿ?"

"ಬಿಳೀದೇ ತನ್ನಿ. ಕೆಂಪು ಮಂಕು. ಬೆಳ್ಳಗೆ ಉರದ್ರೆ ಮೈಲಿ ದೂರದಿಂದ ಕಾಣ್ತದೆ."

"ಅಂಗಡಿಯವ್ನು ಬ್ಯಾಡ ಅಂತಾನೆ."

"ಅವ್ನ ತಮ್ಮನ ಕಾಲು ಮುರ್ದಿದ್ದಾ? ಬಿಳೀದು ತನ್ನಿ."

ಮಧ್ಯಾಹ್ನ ಅಂಗಳದ ಹೊಂಗೆ ಮರದಡಿ ಗಂಡಹೆಂಡಿರಿಬ್ಬರೂ ಕೆಲಸಕ್ಕೆ ಕುಳಿತರು. ಸ್ಕ್ರೂ ಬಿಚ್ಚಿ ದೀಪದ ಮೇಲಿನ ಗಾಜಿನಂಥ ಪ್ಲಾಸ್ಟಿಕ್ ಮುಚ್ಚಳಗಳನ್ನು ರಾಜೇಂದ್ರ ಅವಳ ಕೈಗೆ ಕೊಟ್ಟ. ತಾನು ಹೋಲ್ಡರಿನ ತುಕ್ಕನ್ನು ಉಪ್ಪುಕಾಗದದಿಂದ ಉಜ್ಜತೊಡಗಿದ. ಎಲ್‌ಇಡಿಯನ್ನು ಒಂದು ಮುಖವಾಗಿ ಸಿಕ್ಕಿಸಿದರೆ ಉರಿಯುತ್ತಿರಲಿಲ್ಲ, ತಿರುಗಿಸಿ ಸಿಕ್ಕಿಸಿದರೆ ಉರಿಯುತ್ತಿತ್ತು. ಅವನ ಗಮನವೆಲ್ಲ ಅದರಲ್ಲೇ ಇತ್ತು.

ಪುಟ್ಟಲಕ್ಷ್ಮಿ ಮುಚ್ಚಳಗಳನ್ನು ಬಟ್ಟೆ ಒಗೆಯುವ ಕಲ್ಲಿನ ಬಳಿಗೆ ಒಯ್ದಳು. ಶುಕ್ರವಾರ ದೇವರ ದೀಪವನ್ನು ಹುಣಿಸೇಹಣ್ಣು ಹಾಕಿ ಬೆಳಗದೆ ಬತ್ತಿ ಇಟ್ಟವಳಲ್ಲ ಅವಳು. ದೀಪ ಯಾವುದಾದರೇನು? ಮುಚ್ಚಳದ ಮೇಲೆ ಕೆಂಪನೆಯ ಪದರವೊಂದು ಅಲ್ಲಲ್ಲಿ ಬಿರಿದು ಕೂತಿತ್ತು. ಆಯುಧಪೂಜೆಯಲ್ಲಿ ವರ್ಷ ವರ್ಷವೂ ಹಚ್ಚಿದ ಕುಂಕುಮ ಗಟ್ಟಿಯಾಗಿದೆ ಎಂದುಕೊಂಡಳು. ಹುಣಿಸೇಹಣ್ಣು, ಬೂದಿ, ತೆಂಗಿನ ನಾರು ಹಾಕಿ ತಿಕ್ಕಿದಳು. ಕೆಂಪು ಚೂರುಗಳು ಉದುರಿದವು. ಉಳಿದದ್ದನ್ನು ಉಗುರಿನಿಂದ ಕೆರೆದಳು. ಒಣಗಿಸಿ, ತಾನೇ ಸ್ಕ್ರೂ ಬಿಗಿದಳು.

ರಾಜೇಂದ್ರ ಸ್ಟೇರಿಂಗ್ ಮುಂದೆ ಕೂತು ಸ್ವಿಚ್ ತಿರುಗಿಸಿ ಕೂಗಿದ. "ಉರೀತಾ?"

ಸುಡುಬಿಸಿಲಿನಲ್ಲಿ ಒಳಗೇನೋ ಮಿನುಗಿದ್ದು ಕಂಡಿತು. "ಎರಡೂ ಉರೀತಾವೆ," ಎಂದಳು. ಹಿಂದೆ ಬಂದು ನೋಡುವ ಅಗತ್ಯ ಅವನಿಗೆ ಕಾಣಲಿಲ್ಲ.

ಸಂಜೆ ಸೋಸಲೆಯಿಂದ ಮಗಳು ಕವನಳ ಫೋನು. ಅವಳ ಗಂಡನಿಗೆ ವಾರವಿಡೀ ರಾತ್ರಿ ಪಾಳಿ, ಅತ್ತೆಗೆ ಜ್ವರ. ಹಸುಗೂಸು ಕಟ್ಟಿಕೊಂಡು ಒಬ್ಬಳೇ ಪೇಚಾಡುತ್ತಿದ್ದಳು. ರಾಜೇಂದ್ರ ಟವೆಲ್ಲು ಹೆಗಲಿಗೆ ಹಾಕಿಕೊಂಡ.

"ಈಗ್ಲೇ ಓಗಿ ಕರ್ಕಂಡ್ ಬಂದ್ಬುಡ್ತೀನಿ. ನೀನು ನೀರು ಕಾಯ್ಸಿಟ್ಟಿರು."

ಕಾರು ಅಂಗಳ ದಾಟಿ ನರಸೀಪುರದ ರಸ್ತೆಗೆ ಹತ್ತಿತು. ಕಬ್ಬಿನ ತರಗು ಸುಟ್ಟ ಹೊಗೆ ಮಂಜಿನ ಜೊತೆ ಸೇರಿ ರಸ್ತೆಯ ಮೇಲೆ ಮಲಗಿತ್ತು. ಪುಟ್ಟಲಕ್ಷ್ಮಿ ಎಂದಿನಂತೆ ಗೇಟಿನ ಬಳಿ ನಿಂತು ನೋಡಿದಳು. ಹೊಗೆಯೊಳಗೆ ಎರಡು ದೀಪ ಚೆನ್ನಾಗಿ ಕಂಡವು. ಬೆಳ್ಳಗಿದ್ದವು. ಯಾವುದೋ ಗಾಡಿ ಊರ ಕಡೆಗೆ ಬರುತ್ತಿದೆ ಎಂದುಕೊಂಡು, ಅದು ಹತ್ತಿರ ಬರಲೆಂದು ಕಾದಳು. ಬರಲಿಲ್ಲ. ದೀಪಗಳು ಚಿಕ್ಕವಾಗುತ್ತಾ ಹೋದವು.

ಆಗ ಅವಳಿಗೆ ಅರ್ಥವಾಯಿತು. ಹೋಗುತ್ತಿರುವುದು ತನ್ನ ಗಂಡನ ಕಾರು. ಹಿಂದಿನಿಂದ ನೋಡಿದರೆ ಬರುತ್ತಿರುವಂತೆ ಕಾಣುತ್ತಿದೆ. ಕಲ್ಲಿನ ಬಳಿಗೆ ಓಡಿದಳು. ನೀರು ಹರಿದ ಜಾಗದಲ್ಲಿ ಕೆಂಪು ಚೂರುಗಳು ಇನ್ನೂ ಬಿದ್ದಿದ್ದವು. ಒಂದನ್ನು ಬೆರಳಲ್ಲಿ ಒತ್ತಿದಳು. ಅದು ಕುಂಕುಮದ ಹಾಗೆ ಪುಡಿಯಾಗಲಿಲ್ಲ, ಮುರಿಯಿತು. ಬಣ್ಣ. ಬಿಸಿಲಿಗೆ ಬಿಳಿಚಿಕೊಂಡ ಮುಚ್ಚಳಕ್ಕೆ ಕಾರಿನ ಹಿಂದಿನ ಯಜಮಾನ ಬಳಿಸಿದ್ದ ಬಣ್ಣ.

ಫೋನ್ ಮಾಡಿದಳು. ರಿಂಗಾಗಿ ನಿಂತಿತು. ಮತ್ತೆ ಮಾಡಿದಳು. ಸ್ಟೇರಿಂಗ್ ಹಿಡಿದಾಗ ಫೋನ್ ಮುಟ್ಟಬಾರದೆಂದು ಶಿವುವಿಗೆ ಪೆಟ್ಟಾದ ವಾರವೇ ಮಗಳ ಮೇಲೆ ಆಣೆ ಹಾಕಿಸಿಕೊಂಡವಳೂ ಅವಳೇ. ಅವನು ಎತ್ತುವುದಿಲ್ಲ. ವಾಪಸು ಬರುವಾಗ ಪೂರ್ತಿ ಕತ್ತಲಾಗಿರುತ್ತದೆ, ಹಿಂದಿನ ಸೀಟಿನಲ್ಲಿ ಕವನ ಇರುತ್ತಾಳೆ, ಅವಳ ಮಡಿಲಲ್ಲಿ ಮಗು.

ಪಕ್ಕದ ಮನೆಯ ಸಿದ್ದಮಲ್ಲಪ್ಪ ಡೈರಿಗೆ ಹಾಲು ಹಾಕಿ ಆಗ ತಾನೇ ಬಂದು ಬೈಕು ನಿಲ್ಲಿಸುತ್ತಿದ್ದ. ಅವಳು ಹೇಳಿದ್ದರಲ್ಲಿ ಅರ್ಧ ಅಳುವೇ ಇತ್ತು. ಅವನು ಹಾಲಿನ ಕ್ಯಾನನ್ನು ನೆಲಕ್ಕಿಳಿಸಿ, ಹೆಗಲ ಮೇಲಿದ್ದ ಶಾಲನ್ನು ತೆಗೆದು ಅವಳ ಕೈಗಿತ್ತ.

"ಚಳಿ ಅದೆ, ಒದ್ಕೊ. ಅತ್ತಿ ಕೂತ್ಕಂಡು ಗಟ್ಟಿಯಾಗಿ ಇಡ್ಕೊ ತಂಗಿ. ನಿನ್ ಗಂಡ ಎತ್ತಿನ ಗಾಡಿ ಓಡಿಸ್ದಂಗೆ ಓಡಿಸ್ತಾನೆ. ಸಿಕ್ತಾನೆ."

ರಸ್ತೆಯ ಇಕ್ಕೆಲದಲ್ಲೂ ಕಬ್ಬು. ಬೈಕಿನ ಬೆಳಕು ಹೊಗೆಗೆ ತಾಕಿ ಮುಖಕ್ಕೇ ವಾಪಸು ಬರುತ್ತಿತ್ತು. ಎದುರಿಗೆ ದೀಪ ಕಂಡಾಗಲೆಲ್ಲ ಪುಟ್ಟಲಕ್ಷ್ಮಿ ಅವನ ಹೆಗಲ ಮೇಲಿಂದ ಇಣುಕಿ ನೋಡುತ್ತಿದ್ದಳು. ಒಂದು ಬಸ್ಸು ಬಂತು, ದಾಟಿತು. ಬೈಕೊಂದು ಬಂತು, ದಾಟಿತು. ಹಿಂದೆ ಎಲ್ಲೋ ದೂರದಲ್ಲಿ ಟ್ರ್ಯಾಕ್ಟರಿನ ಸದ್ದು ಏಳುತ್ತಿತ್ತು.

ತಿರುವು ಕಳೆದ ಮೇಲೆ ಮತ್ತೆರಡು ದೀಪ. ನೆಟ್ಟಗೆ ತಮ್ಮ ಕಡೆಗೇ ಬರುತ್ತಿದ್ದವು, ತಮ್ಮದೇ ಬದಿಯಲ್ಲಿ.

"ಇವ್ನ್ಯಾವನಪ್ಪ ಅಡ್ಡ ಬತ್ತಾವ್ನೆ," ಎನ್ನುತ್ತಾ ಸಿದ್ದಮಲ್ಲಪ್ಪ ದಾರಿ ಬಿಡಲು ಬೈಕನ್ನು ಎಡಕ್ಕೆ, ಮಣ್ಣಿಗೆ ಇಳಿಸಿದ. ಇಳಿಸಿ, ಬ್ರೇಕು ಒತ್ತಿದ. ಕಬ್ಬಿನ ಸೋಗೆ ಇಬ್ಬರ ಮುಖವನ್ನೂ ತರಚಿತು.

ದೀಪಗಳು ಬಂದಿರಲೇ ಇಲ್ಲ. ಅವು ನಿಂತಿದ್ದವು.

"ಗೊತ್ತಿದ್ದೂ ಇಳಿಸ್ಬುಟ್ನಲ್ಲ ತಂಗಿ," ಎಂದ ಅವನು.

ಕಾರು ರಸ್ತೆಯ ಅಂಚಿನಲ್ಲಿತ್ತು, ಅರ್ಧ ಡಾಂಬರಿನ ಮೇಲೇ. ರಾಜೇಂದ್ರ ಹೊರಗೆ ಬಾಗಿಲಿಗೆ ಒರಗಿ ನಿಂತು ಫೋನನ್ನು ಕಿವಿಗೆ ಒತ್ತಿಕೊಂಡಿದ್ದ. ಹೆಂಡತಿ ಅಷ್ಟು ಸಲ ಫೋನ್ ಮಾಡಿದ್ದಕ್ಕೆ ಗಾಬರಿಯಾಗಿ ನಿಲ್ಲಿಸಿ, ಅವಳಿಗೆ ತಿರುಗಿ ಮಾಡುತ್ತಿದ್ದ. ಅವಳ ಫೋನು ಮನೆಯ ಜಗಲಿಯ ಮೇಲೆ ಬಿದ್ದಿತ್ತು. ಹಾಗಾದರೆ ಅವನು ಇಲ್ಲಿ, ಈ ಹೊಗೆಯಲ್ಲಿ, ಈ ದೀಪ ಉರಿಸಿಕೊಂಡು ನಿಂತಿರುವುದು ತನ್ನಿಂದಲೇ. ಇದು ಹೊಳೆಯುವಷ್ಟರಲ್ಲಿ ಹಿಂದಿನ ಟ್ರ್ಯಾಕ್ಟರು ತಿರುವಿಗೆ ಬಂದಿತ್ತು.

"ಈಚೆ ಬನ್ನಿ. ರಸ್ತೆ ಬುಟ್ಟು ಈಚೆ ಬನ್ನಿ," ಎಂದು ಅವಳು ಓಡಿದಳು.

ರಾಜೇಂದ್ರನಿಗೆ ಏನೂ ತಿಳಿಯಲಿಲ್ಲ. "ಕವನಂಗೇನಾಯ್ತು? ಮಗೀಗೆ?" ಎನ್ನುತ್ತಾ ಅವಳ ಕಡೆಗೆ ಡಾಂಬರಿನ ಮೇಲೇ ಬಂದ. ಅವಳು ಅವನ ಅಂಗಿ ಹಿಡಿದು ಕಬ್ಬಿನ ಕಡೆಗೆ ಎಳೆದಳು. ಸಿದ್ದಮಲ್ಲಪ್ಪ ಬೈಕನ್ನು ಕಾರಿನ ಹಿಂದೆ ತಂದು, ಅದರ ಕೆಂಪು ದೀಪ ಟ್ರ್ಯಾಕ್ಟರಿಗೆ ಕಾಣುವಂತೆ ನಿಲ್ಲಿಸಿದ. ಕೊರಳಿಗೆ ಸುತ್ತಿದ್ದ ವಸ್ತ್ರ ತೆಗೆದು ಬೀಸುತ್ತಾ ಟ್ರ್ಯಾಕ್ಟರಿನ ಬೆಳಕಿಗೇ ಎದುರಾಗಿ ನಡೆದ.

ಕಬ್ಬು ಹೇರಿದ ಗಾಡಿ ಒಮ್ಮೆಗೇ ನಿಲ್ಲುವುದಿಲ್ಲ. ಅದು ಕಿರುಗುಟ್ಟಿತು, ಟ್ರೇಲರು ಒಂದು ಪಕ್ಕಕ್ಕೆ ವಾಲಿತು. ಪುಟ್ಟಲಕ್ಷ್ಮಿ ಕಣ್ಣು ಮುಚ್ಚಿಕೊಂಡಳು. ಕಬ್ಬಿನ ತುದಿಗಳು ಕಾರಿನ ಮೈ ಸವರಿದ ಸದ್ದು ಕೇಳಿಸಿತು. ಕಣ್ಣು ಬಿಟ್ಟಾಗ ಟ್ರ್ಯಾಕ್ಟರು ಕಾರಿನ ಪಕ್ಕ ನಿಂತಿತ್ತು. ಮೇಲೆ ಕೂತಿದ್ದ ಹುಡುಗಪ್ರಾಯದ ಡ್ರೈವರ್ ತಲೆಯ ಟವೆಲ್ಲಿಂದ ಮುಖ ಒರೆಸಿಕೊಳ್ಳುತ್ತಿದ್ದ.

"ಏನ್ ಸಾ ಇದು. ಎದ್ರಿಂದ ಬತ್ತಾ ಅದೆ ಅನ್ಕಂಡಿದ್ದೆ. ಎಡಕ್ಕೆ ಒಡ್ಕಂಡು ದಾರಿ ಬುಡಾನ ಅಂತಿದ್ದೆ."

ಎಡಕ್ಕೆ, ಕಬ್ಬಿನ ಅಂಚಿನಲ್ಲಿ, ಗಂಡಹೆಂಡಿರಿಬ್ಬರು ನಿಂತಿದ್ದರು. ಅವನು ಅವರನ್ನು ನೋಡಿದ. ಬೈಯುವ ಹಕ್ಕು ಅವನಿಗಿತ್ತು. ಬೈಯಲಿಲ್ಲ. ಕೆಳಗಿಳಿದು ಬಂದು, "ಅವ್ವಂಗೆ ಕುಡಿಯಾಕೆ ಏನಾರ ಕೊಡಿ ಸಾ," ಎಂದು ತನ್ನ ನೀರಿನ ಬಾಟಲಿಯನ್ನೇ ಚಾಚಿದ. ರಸ್ತೆ ಪಕ್ಕದ ತೋಟದ ಮನೆಯೊಂದರ ಅಂಗಳಕ್ಕೆ ಕಾರನ್ನು ತಳ್ಳಲು ಅವನೂ ಕೈ ಹಾಕಿದ. ಆ ಮನೆಯ ಶಿವನಂಜಮ್ಮ ಯಾರು ಏನೆಂದು ಕೇಳುವ ಮೊದಲೇ ಕಟ್ಟಿದ್ದ ಎಮ್ಮೆಯನ್ನು ಬಿಚ್ಚಿ ಜಾಗ ಮಾಡಿಕೊಟ್ಟಳು.

ಪುಟ್ಟಲಕ್ಷ್ಮಿ ಬಣ್ಣದ ವಿಷಯ ಹೇಳಿದಳು. ರಾಜೇಂದ್ರ ರಸ್ತೆಯ ತನಕ ನಡೆದು ಹೋಗಿ ತಿರುಗಿ ತನ್ನ ಕಾರನ್ನು ನೋಡಿದ. ತುಂಬ ಹೊತ್ತು ನೋಡಿದ. ಬಂದು ದೀಪ ಆರಿಸಿದ.

ಫೋನಿನಲ್ಲಿ ಕವನಳಿಗೆ ಅವನು ಹೇಳಿದ್ದಿಷ್ಟೇ. "ಇವತ್ತು ಆಗಾಕಿಲ್ಲ ಕಣವ್ವ. ಲೈಟು ನಾನು ಸರ್ಯಾಗಿ ಹಾಕಿರ್ನಿಲ್ಲ. ಬೆಳಿಗ್ಗೆ ಬಿಸ್ಲಾಗ್ಲಿ, ಬತ್ತೀನಿ. ತಗೊ, ನಿಮ್ಮವ್ವ ಇಲ್ಲೇ ಅವ್ಳೆ."

'ನಾನು' ಎಂದು ಅವನಂದದ್ದು ಪುಟ್ಟಲಕ್ಷ್ಮಿಗೆ ಕೇಳಿಸಿತು. ಫೋನು ಹಿಡಿದಳು. ಆ ಕಡೆ ಮಗು ಚೀಪುವ ಸಣ್ಣ ಸದ್ದು.

"ಅವ್ವಾ, ಯಾಕವ್ವ ಸುಮ್ನಿದ್ದೀಯ?"

ಅವಳು ಬಾಯಿ ತೆರೆಯುವಷ್ಟರಲ್ಲಿ ರಸ್ತೆಯಲ್ಲಿ ಮತ್ತೊಂದು ಗಾಡಿಯ ಸದ್ದಾಯಿತು. ಅವರು ಅಂಗಳದ ಒಳಗಿದ್ದರು, ರಸ್ತೆ ದೂರವಿತ್ತು. ಆದರೂ ಅವಳ ಇನ್ನೊಂದು ಕೈ ಗಂಡನ ಅಂಗಿಯನ್ನು ಹುಡುಕಿ ಹಿಡಿಯಿತು. ಗಾಡಿ ಹೋಯಿತು. ಸದ್ದು ಪೂರ್ತಿ ಅಡಗುವವರೆಗೆ ರಾಜೇಂದ್ರನೂ ಅಲುಗಾಡದೆ ನಿಂತಿದ್ದ.

"ಇದ್ದೀನಿ ಮಗಾ," ಎಂದಳು ಅವಳು ಫೋನಿಗೆ.