ಹಸರ ದಾರದ ಹುಂಜ

ನಮ್ಮತ್ತಿ ಮುಮತಾಜಬಿ ಕೋಳಿಮರಿ ಕಾಲು ಹಿಡಿದು ತಲಿಕೆಳಗ ಮಾಡಿದ್ರ ಮುಗೀತು. ಕತ್ತು ಮ್ಯಾಲೆತ್ತಿದ್ರ ಹುಂಜ, ಜೋತುಬಿಟ್ರ ಹ್ಯಾಟಿ. ಜಕ್ಕಲಿ ಊರ ಮಂದಿಗೆಲ್ಲಾ ಆಕಿ ಮಾತೇ ಖರೇ.

ನನ್ನ ಮಗಳಿಗೆ ಜ್ವರ ಬಂದಾಗ ಅತ್ತಿ ದರ್ಗಾಕ್ಕ ಹುಂಜದ ಹರಕಿ ಹೊತ್ತು, ಒಂದು ಮರಿ ಕಾಲಿಗೆ ಹಸರ ದಾರ ಕಟ್ಟಿದ್ಲು.

"ಇದು ಜವಾರಿ ಅಲ್ರಿ, ಫಾರಂ ಕೋಳಿ ಕೂಡ ಬೆರಕಿ ಆಗೇತಿ. ದೊಡ್ಡದಾಗಲಿ, ಹುಂಜೋ ಹ್ಯಾಟಿಯೋ ಗೊತ್ತಾಗಲಿ, ಆಮ್ಯಾಲೆ ಕಟ್ರಿ," ಅಂದೆ.

"ಮುಬೀನಾ, ನನಗ ಕಲಿಸ್ತಿಯೇನು?" ಅಂದ್ಲು.

ಒಮ್ಮೆ ಕಟ್ಟಿದ ದಾರ ಬಿಚ್ಚಿ ಬ್ಯಾರೆ ಕೋಳಿಗೆ ಕಟ್ಟಂಗಿಲ್ಲ.

ಜುಟ್ಟು ಕೆಂಪಗ ಬಂತು, ಕಾಲು ಉದ್ದ ಆದವು. ಹೋದ ವಾರ ತತ್ತಿ ಇಟ್ತು! ಮನ್ಯಾಗ ಬ್ಯಾರೆ ಕೋಳಿನೇ ಇಲ್ಲ. ಹೇಳಿದ್ರ ಹರಕಿ ಕೆಡಿಸಿದಾಕಿ ನಾನು. ಸುಮ್ಮನಿದ್ರ ಗುರುವಾರ ಹರಕಿ ತೀರಿಸುವಾಗ ದರ್ಗಾದಾಗ ಎಲ್ಲಾರ ಮುಂದ ಮಾನ ಹೋಗತೈತಿ. ಸಿಕ್ಕ ತತ್ತಿ ಸಿಕ್ಕಂಗ ಜ್ವಾಳದ ಡಬ್ಬ್ಯಾಗ ಮುಚ್ಚಿಟ್ಟೆ. ಮೂರಾದವು.

ನಿನ್ನೆ ದಿನಪೂರ್ತಿ ನಾನು ರೋಣದಾಗಿದ್ದೆ, ಮನ್ಯಾಗ ಅತ್ತಿ ಒಬ್ಬಾಕಿನೇ. ಇವತ್ತ ಮುಂಜಾನೆ ಡಬ್ಬ್ಯಾಗ ಕೈ ಹಾಕಿದ್ರ, ನಾಲ್ಕು.

ಬಾಗಲದಾಗ ಅತ್ತಿ ಓಣಿ ಮಂದಿಗೆ ಹೇಳಾಕತ್ತಿದ್ಲು: "ಗುರುವಾರ ಎಲ್ಲಾರೂ ಬರ್ರಿ. ಹುಂಜ ಹ್ಯಾಂಗ ಬೆಳದೈತಿ ನೋಡೀರಂತ!"

ನನ್ನ ಕಡೆ ಮಾತ್ರ ತಿರುಗಲಿಲ್ಲ.